ಮಕ್ಕಳ ಪ್ರೋಗ್ರಾಮಿಂಗ್ ಪಾಠಮಾಲೆಯನ್ನು ಆನ್‌ಲೈನಿನಲ್ಲಿ ಕೂಡಿ ಕಟ್ಟುವ ಬಗೆ

ನಾವು ಆರು ಮಂದಿ ಸೇರಿ ಮಕ್ಕಳಿಗಾಗಿ ಪ್ರೋಗ್ರಾಮಿಂಗ್‌ನ ಮೊದಲ ಪಾಠಮಾಲೆಯೊಂದನ್ನು ಬರೆಯಲು ಹೊರಟಾಗ, ಹನ್ನೆರಡು ಪಾಠಗಳನ್ನು ತಲೆಗೆರಡರಂತೆ ಹಂಚಿಕೊಂಡು, ಆರು ವಾರ ಬಿಟ್ಟು ಎಲ್ಲವನ್ನೂ ಒಂದೆಡೆ ಜೋಡಿಸಿದರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆವು. ಜೋಡಿಸಿ ನೋಡಿದಾಗ ಬಿಡಿಬಿಡಿಯಾಗಿ ಎಲ್ಲ ಪಾಠಗಳೂ ಚೆನ್ನಾಗಿಯೇ ಇದ್ದವು. ಆದರೆ 4ನೇ ಪಾಠದಲ್ಲಿ ಆಟದ ಅಂಕ ಎಣಿಸಲು ವೇರಿಯಬಲ್ (ಬದಲಾಗುವ ಬೆಲೆಯೊಂದನ್ನು ನೆನಪಿಡುವ ಹೆಸರು) ಬಳಕೆಯಾಗಿತ್ತು. ವೇರಿಯಬಲ್ ಎಂದರೇನೆಂದು ತಿಳಿಸುವ ಪಾಠ ಮಾತ್ರ 7ನೆಯದಾಗಿತ್ತು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಆದೇಶವನ್ನು ಮೂವರು ಮೂರು ಕಡೆ ಮೊದಲಿನಿಂದ ವಿವರಿಸಿದ್ದರು, ಅದೂ ಲೂಪ್, ಆವರ್ತನೆ, ಪುನರಾವರ್ತನೆ ಎಂಬ ಮೂರು ಹೆಸರುಗಳಲ್ಲಿ. ಯಾರ ಬರವಣಿಗೆಯಲ್ಲೂ ದೋಷವಿರಲಿಲ್ಲ. ಪಾಠಗಳನ್ನು ಹಂಚಿಕೊಂಡಿದ್ದ ನಾವು ಅವುಗಳ ಕ್ರಮವನ್ನು ಮಾತ್ರ ಯಾರ ಕೈಗೂ ಒಪ್ಪಿಸಿರಲಿಲ್ಲ, ಅಷ್ಟೇ. ಮುಂದೆ ಬರೆದಿರುವ ವಿಧಾನವೆಲ್ಲ ಆ ಒಂದು ಎಡವಟ್ಟಿನಿಂದ ಹುಟ್ಟಿದ್ದು: ಪಾಠ ಒಬ್ಬೊಬ್ಬರದಾಗಿರಲಿ, ಕ್ರಮ ಎಲ್ಲರದೂ ಆಗಿರಲಿ.

ಯಾವ ಮಗುವಿಗೆ, ಎಲ್ಲಿಯವರೆಗೆ

ಮೊದಲ ಸಭೆಯಲ್ಲಿ ಪಾಠಗಳ ಮಾತನ್ನೇ ಎತ್ತಬೇಡಿ. ಕಲಿಯುವ ಮಗು ಯಾರೆಂಬುದನ್ನು ಐದಾರು ವಾಕ್ಯಗಳಲ್ಲಿ ಬರೆದುಕೊಳ್ಳಿ. ವಯಸ್ಸೆಷ್ಟು, ಕೀಲಿಮಣೆಯ ಮೇಲೆ ಬೆರಳು ಎಷ್ಟರಮಟ್ಟಿಗೆ ಓಡುತ್ತದೆ, ಋಣ ಸಂಖ್ಯೆಯ ಮತ್ತು ಕೋನದ ಪರಿಚಯ ಆಗಿದೆಯೇ, ಕೈಯಲ್ಲಿರುವುದು ಕಂಪ್ಯೂಟರೋ ಟ್ಯಾಬ್ಲೆಟ್ಟೋ, ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿರುತ್ತಾರೋ ಇಲ್ಲವೋ ಎಂಬುದೆಲ್ಲ ಅದರಲ್ಲಿ ಬರಬೇಕು. ‘ಮಕ್ಕಳಿಗೆ’ ಎಂದು ಸುಮ್ಮನೆ ಹೇಳಿಬಿಟ್ಟರೆ ಒಬ್ಬರ ಮನಸ್ಸಿನಲ್ಲಿ ಏಳು ವರ್ಷದ ಮಗು ಇರುತ್ತದೆ, ಇನ್ನೊಬ್ಬರ ಮನಸ್ಸಿನಲ್ಲಿ ಹದಿಮೂರರ ಹುಡುಗಿ ಇರುತ್ತಾಳೆ, ಮತ್ತು ಇಬ್ಬರೂ ಒಪ್ಪಿಕೊಂಡೆವೆಂದೇ ಭಾವಿಸಿ ಮನೆಗೆ ಹೋಗುತ್ತಾರೆ. ಈ ವಿವರಗಳು ಕೇವಲ ಶಾಸ್ತ್ರಕ್ಕೆ ಬರೆಯುವಂಥವಲ್ಲ. ತುಂಡುಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಮಕ್ಕಳ ಭಾಷೆಯಾದ ಸ್ಕ್ರ್ಯಾಚ್‌ನಲ್ಲಿ, ಆಟ ನಡೆಯುವ ವೇದಿಕೆ 480 ಅಗಲ, 360 ಎತ್ತರದ್ದು. ಅದರ ನಡುಬಿಂದು ಸೊನ್ನೆಯಾದ್ದರಿಂದ ಎಡ ಅಂಚು -240 ಆಗುತ್ತದೆ, ಕೆಳ ಅಂಚು -180 ಆಗುತ್ತದೆ. ಋಣ ಸಂಖ್ಯೆಯನ್ನೇ ಕಾಣದ ಮಗುವಿಗೆ ‘ವೈ ಬೆಲೆಯನ್ನು -5ರಷ್ಟು ಬದಲಿಸು’ ಎಂಬ ಆದೇಶದಿಂದ, ಅಂದರೆ ಎತ್ತರವನ್ನು ತಗ್ಗಿಸುವ ಆದೇಶದಿಂದ, ಪರದೆಯ ಮೇಲಿನ ಹಣ್ಣೊಂದು ಏಕೆ ಕೆಳಗೆ ಬೀಳುತ್ತದೆಂದು ತಿಳಿಯುವುದಿಲ್ಲ. ಆ ಮಗುವಿಗಾಗಿ ಬರೆಯುವುದಾದರೆ ಒಂದು ಪಾಠವೇ ಹೆಚ್ಚಾಗುತ್ತದೆ.

ಮಗು ಯಾರೆಂದು ನಿಶ್ಚಯವಾದ ಮೇಲೆ ಕೊನೆಯ ಪಾಠವನ್ನು ಮೊದಲು ಮಾಡಿ. ಮಾಡಿ ಎಂದರೆ ಯೋಚಿಸಿಡಿ ಎಂದಲ್ಲ. ಕೊನೆಯಲ್ಲಿ ಮಗು ತಾನಾಗಿ ಕಟ್ಟಬೇಕಾದ ಆಟವನ್ನು ನೀವೇ ಒಮ್ಮೆ ಕಟ್ಟಿ, ಓಡಿಸಿ ನೋಡಿ. ಮೇಲಿನಿಂದ ಬೀಳುವ ಹಣ್ಣುಗಳನ್ನು ಬುಟ್ಟಿಯಲ್ಲಿ ಹಿಡಿಯುವ ಆಟ ಎಂದಿಟ್ಟುಕೊಳ್ಳೋಣ. ಅದನ್ನು ಬಿಚ್ಚಿ ನೋಡಿದರೆ ಹಸಿರು ಬಾವುಟ ಒತ್ತಿದಾಗ ಶುರುವಾಗುವ ಘಟನೆ, ಎಡಬಲಕ್ಕೆ ಮತ್ತು ಮೇಲೆ ಕೆಳಗೆ ಸರಿಯಲು ಎಕ್ಸ್ ಮತ್ತು ವೈ ಸ್ಥಾನಗಳು, ಎಡೆಬಿಡದೆ ಬೀಳಲು ಲೂಪ್, ಪ್ರತಿ ಸಲ ಬೇರೆ ಜಾಗದಿಂದ ಬೀಳಲು ಯಾದೃಚ್ಛಿಕ ಸಂಖ್ಯೆ, ಬುಟ್ಟಿಗೆ ತಾಗಿತೇ ಎಂದು ನೋಡಲು ಷರತ್ತು, ಅಂಕಕ್ಕೆ ವೇರಿಯಬಲ್, ಹೀಗೆ ಆರು ಪರಿಕಲ್ಪನೆಗಳು ಸಿಗುತ್ತವೆ. ಪಾಠಮಾಲೆಯ ಉದ್ದವನ್ನು ನಿರ್ಧರಿಸುವುದು ಈ ಆರು. ಹನ್ನೆರಡು ಎಂಬ ಸಂಖ್ಯೆ ಕೇಳಲು ಚೆನ್ನಾಗಿದೆ ಎಂಬುದು ಹನ್ನೆರಡು ಪಾಠ ಬರೆಯಲು ಕಾರಣವಾಗಬಾರದು. ನಮ್ಮ ಹನ್ನೆರಡಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ.

ಯಾವ ಭಾಷೆಯಲ್ಲಿ ಕಲಿಸಬೇಕೆಂಬ ವಾದ ಈ ಹೊತ್ತಿಗೆ ಎದ್ದೇ ಏಳುತ್ತದೆ. ಅದಕ್ಕೆ ಒಂದು ಸಂಜೆಗಿಂತ ಹೆಚ್ಚು ಸಮಯ ಕೊಡಬೇಡಿ ಎಂಬುದು ನನ್ನ ಸಲಹೆ. ಮಕ್ಕಳಿಗಾಗಿಯೇ ರೂಪಿಸಿದ ಲೋಗೋ ಭಾಷೆ 1967ರಲ್ಲಿ ಸೀಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲಮನ್, ವಾಲಿ ಫೋಯರ್ಟ್ಸೈಗ್ ಅವರ ಕೈಯಲ್ಲಿ ಹುಟ್ಟಿದಾಗಿನಿಂದಲೂ ಈ ವಾದ ನಡೆಯುತ್ತಲೇ ಇದೆ. ಬೆರಳಚ್ಚು ಇನ್ನೂ ತಡವರಿಸುವ ಮಗುವಿಗೆ ತುಂಡುಗಳನ್ನು ಜೋಡಿಸುವ ಸ್ಕ್ರ್ಯಾಚ್ ಸರಿ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದು, ಬಿಟ್ಟುಹೋದ ಒಂದು ಚುಕ್ಕಿಗಾಗಿ ಇಡೀ ಪ್ರೋಗ್ರಾಂ ನಿಂತುಹೋಗುವ ಕಷ್ಟವನ್ನು ಕಲಿಯುವ ಮೊದಲ ದಿನಗಳಿಂದ ದೂರವಿಡುತ್ತದೆ. ತಡವರಿಸದೆ ಟೈಪ್ ಮಾಡುವ, ಬರೆದದ್ದನ್ನು ತಾನೇ ತಿದ್ದಿಕೊಳ್ಳುವ ತಾಳ್ಮೆ ಬಂದಿರುವ ಮಗುವಿಗೆ, ಆದೇಶಗಳನ್ನು ಟೈಪ್ ಮಾಡಿ ಬರೆಯುವ ಪೈಥಾನ್ ಭಾಷೆ ಆಗಬಹುದು. ಎರಡನ್ನೂ ಒಂದೇ ಪಾಠಮಾಲೆಯಲ್ಲಿ ಬೆರೆಸುವುದಾದರೆ ಒಂದು ಎಚ್ಚರ ಬೇಕು. ಸ್ಕ್ರ್ಯಾಚ್‌ನಲ್ಲಿ ಬಲಕ್ಕೆ ಮುಖ ಮಾಡುವುದೆಂದರೆ 90 ಡಿಗ್ರಿ, ಮೇಲಕ್ಕೆಂದರೆ 0. ಆಮೆಯೊಂದನ್ನು ನಡೆಸಿ ಚಿತ್ರ ಬಿಡಿಸುವ ಪೈಥಾನ್‌ನ ಟರ್ಟಲ್‌ನಲ್ಲಿ ಬಲಕ್ಕೆಂದರೆ 0, ಮೇಲಕ್ಕೆಂದರೆ 90. ಮೊದಲ ಭಾಗ ಒಬ್ಬರು, ಎರಡನೆಯ ಭಾಗ ಇನ್ನೊಬ್ಬರು ಬರೆದು, ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಬರೆದು, ಮಗುವನ್ನು ನಡುದಾರಿಯಲ್ಲಿ ಕೈಬಿಡುವುದು ಇಂಥ ಕಡೆಯಲ್ಲಿಯೇ.

ಪರಿಕಲ್ಪನೆಗಳ ಖಾತೆ

ಎಲ್ಲರೂ ತೆರೆಯಬಲ್ಲ, ಒಬ್ಬರು ಮಾತ್ರ ತಿದ್ದಬಲ್ಲ ಒಂದು ಸ್ಪ್ರೆಡ್‌ಶೀಟನ್ನು ಮಾಡಿಕೊಳ್ಳಿ. ಅದನ್ನು ನಾವು ಖಾತೆ ಎಂದು ಕರೆಯುತ್ತಿದ್ದೆವು. ಪ್ರತಿ ಪಾಠಕ್ಕೆ ಒಂದು ಸಾಲು. ಮೊದಲ ಅಂಕಣದಲ್ಲಿ ಆ ಪಾಠ ಹೊಸದಾಗಿ ಕಲಿಸುವ ಒಂದೇ ಒಂದು ಪರಿಕಲ್ಪನೆ. ಎರಡನೆಯದರಲ್ಲಿ ಮಗುವಿಗೆ ಈಗಾಗಲೇ ಗೊತ್ತಿದೆ ಎಂದು ಆ ಪಾಠ ನಂಬಿಕೊಂಡಿರುವ ಸಂಗತಿಗಳು. ಮೂರನೆಯದರಲ್ಲಿ ಮಗುವಿನ ಕಣ್ಣಿಗೆ ಬೀಳುವ, ಆದರೆ ಈ ಪಾಠದಲ್ಲಿ ವಿವರಿಸದೆ ಬಿಡುವ ಸಂಗತಿಗಳು. ನಾಲ್ಕನೆಯದರಲ್ಲಿ ಪಾಠ ಮುಗಿದಾಗ ಮಗುವಿನ ಕೈಯಲ್ಲಿ ಓಡುತ್ತಿರುವ ವಸ್ತು. ಎರಡನೆಯ ಅಂಕಣದಲ್ಲಿರುವ ಪ್ರತಿಯೊಂದು ಪದವೂ ಮೇಲಿನ ಯಾವುದಾದರೊಂದು ಸಾಲಿನ ಮೊದಲ ಅಂಕಣದಲ್ಲಿ ಇರಲೇಬೇಕು, ಇಲ್ಲವೇ ಕಲಿಯುವ ಮಗುವಿನ ಬಗ್ಗೆ ಮೊದಲ ಸಭೆಯಲ್ಲಿ ಬರೆದುಕೊಂಡ ವಾಕ್ಯಗಳಲ್ಲಿ ಇರಬೇಕು. ಇವೆರಡೂ ಇಲ್ಲವೆಂದರೆ ಆ ಪಾಠವನ್ನು ಬರೆಯಲು ಕೂರುವ ಕಾಲ ಇನ್ನೂ ಬಂದಿಲ್ಲ. ನಮ್ಮ 4ನೇ ಪಾಠದ ವೇರಿಯಬಲ್ ಈ ಒಂದು ನಿಯಮದಿಂದಲೇ, ಒಂದು ವಾಕ್ಯವನ್ನೂ ಬರೆಯುವ ಮೊದಲೇ ಸಿಕ್ಕಿಬೀಳುತ್ತಿತ್ತು.

ಮೂರನೆಯ ಅಂಕಣವನ್ನು ಬಹುತೇಕರು ಅನವಶ್ಯಕ ಎನ್ನುತ್ತಾರೆ. ನನಗೆ ಅದೇ ಹೆಚ್ಚು ಉಪಯೋಗಕ್ಕೆ ಬಂದದ್ದು. ಪೈಥಾನ್‌ನಲ್ಲಿ ರೇಂಜ್ ಎಂಬ ಪದದ ಮುಂದೆ ಆವರಣದಲ್ಲಿ 5 ಎಂದು ಬರೆದರೆ ಲೂಪ್ ಐದು ಸಲ ತಿರುಗುತ್ತದೆ, ಆದರೆ ಎಣಿಕೆ 0ಯಿಂದ ಶುರುವಾಗಿ 4ಕ್ಕೆ ನಿಲ್ಲುತ್ತದೆ. ಚೌಕ ಬಿಡಿಸುವ ಪಾಠದಲ್ಲಿ ಎಷ್ಟು ಸಲ ಎಂಬುದಷ್ಟೇ ಮುಖ್ಯವಾದ್ದರಿಂದ ಎಣಿಕೆ ಎಲ್ಲಿಂದ ಎಂಬ ಮಾತನ್ನು ಎತ್ತಬೇಕಾಗಿಲ್ಲ. ಆದರೆ ಅದನ್ನು ಬೇಕೆಂದೇ ಬಿಟ್ಟಿದ್ದೇವೆಂದು ಖಾತೆಯಲ್ಲಿ ಬರೆದಿಡದಿದ್ದರೆ, ಪರಿಶೀಲನೆಗೆ ಬಂದ ಜಾಣರೊಬ್ಬರು ಅಲ್ಲಿಯೇ ಅರ್ಧ ಪುಟದ ವಿವರಣೆ ಸೇರಿಸುತ್ತಾರೆ, ಮತ್ತು ಚೌಕ ಅಲ್ಲಿಗೆ ಕಳೆದುಹೋಗುತ್ತದೆ. ತಿಳಿದವರು ಕೂಡಿ ಬರೆಯುವ ಪಾಠಗಳು ಕೆಡುವುದು ಏನೋ ಬಿಟ್ಟುಹೋಗಿ ಅಲ್ಲ. ಎಲ್ಲರೂ ತಮಗೆ ಗೊತ್ತಿರುವುದನ್ನು ಒಂದೊಂದು ಹಿಡಿ ಹಾಕುವುದರಿಂದ ಕೆಡುತ್ತವೆ.

ಖಾತೆಯನ್ನು ನೋಡಿಕೊಳ್ಳುವ ಸಂಪಾದಕರು ಒಬ್ಬರೇ ಇರಲಿ. ಅವರು ಎಲ್ಲರಿಗಿಂತ ಹೆಚ್ಚು ಪ್ರೋಗ್ರಾಮಿಂಗ್ ಬಲ್ಲವರಾಗಿರಬೇಕಾಗಿಲ್ಲ. ‘ಇದನ್ನು ಮಗುವಿಗೆ ಎಲ್ಲಿ ಹೇಳಿದ್ದೇವೆ?’ ಎಂದು ನಾಚಿಕೆಯಿಲ್ಲದೆ ನೂರು ಸಲ ಕೇಳಬಲ್ಲವರಾದರೆ ಸಾಕು. ಪಾಠಗಳ ಕ್ರಮ ಬದಲಿಸಬೇಕೆನ್ನುವವರು ಅವರನ್ನು ಕೇಳಿಯೇ ಬದಲಿಸಬೇಕು, ಮತ್ತು ಬದಲಿಸಿದ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಬೇಕು. ಈ ಕಾರಣದ ಸಾಲು ಇಲ್ಲದಿದ್ದರೆ ಎರಡು ತಿಂಗಳ ನಂತರ ಹೊಸಬರೊಬ್ಬರು ಬಂದು ಅದೇ ಚರ್ಚೆಯನ್ನು ಮೊದಲಿನಿಂದ ತೆಗೆಯುತ್ತಾರೆ, ಹಳಬರಿಗೆ ಉತ್ತರ ನೆನಪಿರುವುದಿಲ್ಲ.

ಒಂದು ಪಾಠವನ್ನು ಹತ್ತಿರದಿಂದ

ಬರೆಯುವ ಕೈಗಳು ಬೇರೆಬೇರೆಯಾದರೂ ಪಾಠಗಳ ಮೈಕಟ್ಟು ಒಂದೇ ಇದ್ದರೆ ಮಗುವಿಗೆ ಮುಂದೇನು ಬರುತ್ತದೆಂಬ ಧೈರ್ಯವಿರುತ್ತದೆ. ಸೂ ಸೆಂಟೆನ್ಸ್ ಮತ್ತು ಅವರ ಸಹೋದ್ಯೋಗಿಗಳು ರೂಪಿಸಿದ ಪ್ರಿಮ್ ಎಂಬ ಕ್ರಮವನ್ನು ನಾವು ಅನುಸರಿಸಿದೆವು. ಮಗು ಮೊದಲು ಒಂದು ಸಿದ್ಧ ಪ್ರೋಗ್ರಾಮನ್ನು ಓದಿ ಏನಾಗಬಹುದೆಂದು ಊಹಿಸುತ್ತದೆ, ಆಮೇಲೆ ಓಡಿಸಿ ನೋಡುತ್ತದೆ, ಪ್ರತಿ ಸಾಲು ಏನು ಮಾಡುತ್ತದೆಂದು ಕೆದಕುತ್ತದೆ, ಅದನ್ನು ಸ್ವಲ್ಪ ಬದಲಿಸುತ್ತದೆ, ಕೊನೆಯಲ್ಲಿ ತನ್ನದೇ ಒಂದನ್ನು ಮಾಡುತ್ತದೆ. ಖಾಲಿ ಪರದೆಯ ಮುಂದೆ ಮಗುವನ್ನು ಕೂರಿಸಿ ‘ಬರೆ’ ಎನ್ನುವುದಕ್ಕಿಂತ ಇದು ಎಷ್ಟೋ ದಯೆಯುಳ್ಳ ದಾರಿ.

ತ್ರಿಕೋನ ಬಿಡಿಸುವ ಪಾಠವನ್ನೇ ತೆಗೆದುಕೊಳ್ಳಿ. ಹಿಂದಿನ ಪಾಠದಲ್ಲಿ ಮಗು ‘100 ಹೆಜ್ಜೆ ನಡೆ, 90 ಡಿಗ್ರಿ ತಿರುಗು’ ಎಂಬುದನ್ನು ನಾಲ್ಕು ಸಲ ಮಾಡಿಸಿ ಚೌಕ ಬಿಡಿಸಿದೆ. ಈಗ ಮೂರು ಸಲ ಎಂದು ಬದಲಿಸಿ, ಸಮಬಾಹು ತ್ರಿಕೋನದ ಕೋನ 60 ಡಿಗ್ರಿ ಎಂದು ಗಣಿತದಲ್ಲಿ ಕಲಿತದ್ದನ್ನು ನೆನೆದು, 60 ಎಂದು ಬರೆಯುತ್ತದೆ. ಪರದೆಯ ಮೇಲೆ ತ್ರಿಕೋನ ಬರುವುದಿಲ್ಲ. ಷಟ್ಕೋನದ ಅರ್ಧ ಬಂದು ನಿಂತುಬಿಡುತ್ತದೆ. ನಮ್ಮ ಮೊದಲ ಕರಡಿನಲ್ಲಿ ಈ ತಪ್ಪು ಆಗದಂತೆ ‘120 ಎಂದು ಬರೆಯಿರಿ’ ಎಂದು ನೇರವಾಗಿ ಹೇಳಿಬಿಟ್ಟಿದ್ದೆವು, ಮಕ್ಕಳೂ ಹಾಗೆಯೇ ಬರೆದು ಏನನ್ನೂ ಕಲಿಯದೆ ಮುಂದಿನ ಪುಟಕ್ಕೆ ಹೋದರು. ಎರಡನೆಯ ಕರಡಿನಲ್ಲಿ ತಪ್ಪನ್ನು ಆಗಗೊಟ್ಟು, ಅಲ್ಲಿಯೇ ಮಗುವನ್ನು ಎಬ್ಬಿಸಿ ನೆಲದ ಮೇಲೆ ತ್ರಿಕೋನವಾಗಿ ನಡೆಯಲು ಹೇಳಿದೆವು. ಮೂಲೆಗೆ ಬಂದಾಗ ದೇಹ ತಿರುಗುವುದು ಒಳಗಿನ ಕೋನದಷ್ಟಲ್ಲ, ಹೊರಗಿನ ಕೋನದಷ್ಟು ಎಂದು ಕಾಲಿಗೇ ತಿಳಿಯುತ್ತದೆ. ಒಂದು ಸುತ್ತು ಮುಗಿಸಲು ಒಟ್ಟು 360 ಡಿಗ್ರಿ ತಿರುಗಬೇಕು, ಮೂರು ಮೂಲೆಗೆ ಹಂಚಿದರೆ 120. ಲೋಗೋದ ಆಮೆಯನ್ನು ಮಕ್ಕಳ ಮುಂದಿಟ್ಟ ಪ್ಯಾಪರ್ಟ್ ಕೂಡ ಆಮೆಯ ಜಾಗದಲ್ಲಿ ನೀನೇ ನಿಂತು ನಡೆದು ನೋಡು ಎಂಬುದನ್ನೇ ನಂಬಿದ್ದವರು. ಐದು ಮೂಲೆಗೆ ಎಷ್ಟು ಎಂದು ಆಮೇಲೆ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಭ್ಯಾಸಗಳ ವಿಷಯದಲ್ಲಿ ಒಂದೇ ಮಾತು ಹೇಳುತ್ತೇನೆ. ಸರಿಯಾದ ಸಾಲುಗಳನ್ನೇ ಕಲಸಿಕೊಟ್ಟು, ಕ್ರಮವಾಗಿ ಜೋಡಿಸು ಎನ್ನುವ ಪಾರ್ಸನ್ಸ್ ಒಗಟುಗಳು ಮೊದಲ ಹಂತದ ಮಕ್ಕಳಿಗೆ ಬಹಳ ಒಗ್ಗುತ್ತವೆ. ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಶಿಯಾ ಹೇಡನ್ 2006ರಲ್ಲಿ ಇವುಗಳ ಬಗ್ಗೆ ಬರೆದರು. ಬರೆಯಲೂ ಸುಲಭ, ತಿದ್ದಲೂ ಸುಲಭ, ಆದ್ದರಿಂದ ಗುಂಪಿಗೆ ಹೊಸದಾಗಿ ಸೇರಿದವರ ಮೊದಲ ಕೆಲಸಕ್ಕೂ ಹೇಳಿ ಮಾಡಿಸಿದಂತಿವೆ.

ಪದಗಳ ಪಟ್ಟಿ

ಕನ್ನಡದಲ್ಲಿ ಬರೆಯುವವರಿಗೆ ಇದು ಇನ್ನೊಂದು ಖಾತೆ. ವೇರಿಯಬಲ್ ಎನ್ನಬೇಕೋ ಚರ ಎನ್ನಬೇಕೋ, ಲೂಪ್ ಎನ್ನಬೇಕೋ ಆವರ್ತನೆ ಎನ್ನಬೇಕೋ ಎಂಬ ಚರ್ಚೆಯಲ್ಲಿ ಎರಡೂ ಕಡೆ ನ್ಯಾಯವಿದೆ. ನಮ್ಮ ತೀರ್ಮಾನ ಹೀಗಿತ್ತು: ಮಗು ಪರದೆಯ ಮೇಲೆ ಕಾಣುವ ಪದ ಯಾವ ರೂಪದಲ್ಲಿದೆಯೋ ಅದೇ ಪಾಠದಲ್ಲಿಯೂ ಬರಲಿ, ಮತ್ತು ಅದರ ಅರ್ಥ ಮೊದಲ ಸಲ ಬಂದಾಗ ತಿಳಿಗನ್ನಡದ ಒಂದು ವಾಕ್ಯದಲ್ಲಿ ಬಿಡಿಸಿ ಹೇಳಲ್ಪಡಲಿ. ವೇರಿಯಬಲ್‌ಗೆ ‘ಹೆಸರಿಟ್ಟ ಡಬ್ಬಿ’ ಎಂಬ ಹೋಲಿಕೆಯನ್ನು ಒಬ್ಬರು ಬಳಸಿದ್ದರು. ಅದು ಚೆನ್ನಾಗಿಯೇ ಇತ್ತು, ಆದರೆ ಡಬ್ಬಿಯಲ್ಲಿ ಎರಡು ವಸ್ತುಗಳನ್ನು ಇಡಬಹುದಲ್ಲ ಎಂದು ಒಂದು ಮಗು ಕೇಳಿತು. ಹೊಸ ಬೆಲೆ ಬಂದರೆ ಹಳೆಯದು ಹೋಗುತ್ತದೆ ಎಂಬುದನ್ನು ಹೇಳಲು ಡಬ್ಬಿಗಿಂತ, ಅಳಿಸಿ ಬರೆಯುವ ಸ್ಲೇಟು ಮೇಲು ಎಂದು ಅಂದೇ ಪಟ್ಟಿಯಲ್ಲಿ ತಿದ್ದಿದೆವು. ಹೋಲಿಕೆಗಳನ್ನೂ ಪಟ್ಟಿಯಲ್ಲಿ ಸೇರಿಸಬೇಕೆಂದು ಗೊತ್ತಾದದ್ದು ಹಾಗೆ; ಒಂದು ಪಾಠದಲ್ಲಿ ಡಬ್ಬಿ, ಇನ್ನೊಂದರಲ್ಲಿ ಸ್ಲೇಟು ಎಂದಾದರೆ ಮಗು ಎರಡು ಬೇರೆ ವಸ್ತುಗಳೆಂದೇ ತಿಳಿಯುತ್ತದೆ.

ಎಲ್ಲಿ ಬರೆಯುವುದು, ಹೇಗೆ ತಿದ್ದುವುದು

ಕರಡು ಮತ್ತು ಸಿದ್ಧಪ್ರತಿ ಎರಡು ಬೇರೆ ಜಾಗಗಳಲ್ಲಿರಲಿ. ಕರಡಿಗೆ ಗೂಗಲ್ ಡಾಕ್ಸ್‌ನಂಥ, ಹಲವರು ಏಕಕಾಲಕ್ಕೆ ತೆರೆದು ಸಲಹೆಯ ರೂಪದಲ್ಲಿ ತಿದ್ದಬಹುದಾದ ದಾಖಲೆ ಸಾಕು. ಸಿದ್ಧಪ್ರತಿಗೆ ಗಿಟ್ ಎಂಬ ತಂತ್ರಾಂಶ ಒಳ್ಳೆಯದು: ಯಾರು ಯಾವ ದಿನ ಯಾವ ಸಾಲು ಬದಲಿಸಿದರೆಂಬುದು ಅದರಲ್ಲಿ ಉಳಿಯುತ್ತದೆ, ಬೇಡವಾದರೆ ಹಿಂದಕ್ಕೆ ಹೋಗಬಹುದು. ಪಾಠಗಳನ್ನು ಮಾರ್ಕ್‌ಡೌನ್‌ನಲ್ಲಿ, ಅಂದರೆ ಸಾಮಾನ್ಯ ಪಠ್ಯದಲ್ಲಿಯೇ, ಇಟ್ಟರೆ ಮುದ್ರಣಕ್ಕೂ ಜಾಲತಾಣಕ್ಕೂ ಅದರಿಂದಲೇ ಹೊರತೆಗೆಯಬಹುದು. ಗಿಟ್ ಕಡತಗಳನ್ನು ಹಂಚಿಕೊಳ್ಳುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಹಲವು ಕೈಗಳು ಸೇರಿ ಪಾಠ ಕಟ್ಟುವುದು ಹೇಗೆಂದು ನೋಡಬೇಕೆನ್ನುವವರು ದಿ ಕಾರ್ಪೆಂಟ್ರೀಸ್ ಸಂಸ್ಥೆಯ ಪಾಠಗಳ ಇತಿಹಾಸವನ್ನು ತೆರೆದು ಓದಬಹುದು. ಅವು ಸಂಶೋಧಕರಿಗಾಗಿ ಬರೆದ ಪಾಠಗಳು, ಮಕ್ಕಳಿಗಲ್ಲ, ಆದರೆ ಕೆಲಸದ ರೀತಿ ಕಲಿಯಲು ಅಷ್ಟು ಸಾಕು. ಒಂದು ಎಚ್ಚರಿಕೆ ಮಾತ್ರ ಉಂಟು. ಗಿಟ್ ಬರಲೇಬೇಕೆಂದು ಎಲ್ಲರಿಗೂ ಕಡ್ಡಾಯ ಮಾಡಿದರೆ ಗುಂಪಿನಲ್ಲಿ ಪ್ರೋಗ್ರಾಮರುಗಳು ಉಳಿಯುತ್ತಾರೆ, ಶಿಕ್ಷಕರು ಸದ್ದಿಲ್ಲದೆ ಹೊರಟುಹೋಗುತ್ತಾರೆ. ಮಕ್ಕಳನ್ನು ಬಲ್ಲವರು ಯಾರೆಂದು ಯೋಚಿಸಿದರೆ ಈ ನಷ್ಟ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಕರಡಿನಿಂದ ಸಿದ್ಧಪ್ರತಿಗೆ ಸಾಗಿಸುವ ಕೆಲಸವನ್ನು ಗಿಟ್ ಬಲ್ಲ ಒಬ್ಬಿಬ್ಬರಿಗೆ ವಹಿಸಿಬಿಡಿ.

ಸ್ಕ್ರ್ಯಾಚ್‌ನ ಕಡತಗಳ ವಿಷಯ ಬೇರೆಯೇ ಇದೆ. ಎಸ್‌ಬಿ3 ಎಂಬ ಹೆಸರಿನ ಆ ಕಡತ ನಿಜವಾಗಿ ಚಿತ್ರ, ಧ್ವನಿ, ಪ್ರೋಗ್ರಾಂ ಎಲ್ಲವನ್ನೂ ಒಳಗಿಟ್ಟುಕೊಂಡ ಜಿಪ್ ಗಂಟು. ಇಬ್ಬರು ಒಂದೇ ಕಡತವನ್ನು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ತಿದ್ದಿದರೆ ಗಿಟ್ ಅವೆರಡನ್ನೂ ಬೆಸೆಯಲಾರದು, ಏನು ಬದಲಾಯಿತೆಂದು ತೋರಿಸಲೂ ಆಗದು. ಒಬ್ಬರ ಕೆಲಸ ಹೋಗುತ್ತದೆ. ನಮ್ಮಲ್ಲಿ ಒಬ್ಬರ ಒಂದು ಭಾನುವಾರ ಹೀಗೆಯೇ ಹೋಯಿತು. ಅಂದಿನಿಂದ ಖಾತೆಯಲ್ಲಿ ‘ಈಗ ಯಾರ ಕೈಯಲ್ಲಿದೆ’ ಎಂಬ ಅಂಕಣ ಸೇರಿತು, ಕಡತದ ಹೆಸರಿನಲ್ಲಿ ಪಾಠದ ಸಂಖ್ಯೆ ಮತ್ತು ಕರಡಿನ ಸಂಖ್ಯೆ ಎರಡೂ ಕಡ್ಡಾಯವಾದವು. ‘ಅಂತಿಮ’, ‘ಅಂತಿಮ ಹೊಸದು’, ‘ನಿಜವಾದ ಅಂತಿಮ’ ಎಂಬ ಹೆಸರುಗಳನ್ನು ನಿಷೇಧಿಸಿದ್ದು ಕೂಡ ಅದೇ ದಿನ.

ಪರದೆಯ ಚಿತ್ರಗಳನ್ನು ಆದಷ್ಟು ಕಡಿಮೆ ಬಳಸಿ. 2019ರ ಜನವರಿಯಲ್ಲಿ ಸ್ಕ್ರ್ಯಾಚ್ 3.0 ಬಂದಾಗ, ಹಿಂದಿನ ಆವೃತ್ತಿಯಲ್ಲಿ ಎದುರಿಗೇ ಇದ್ದ, ಗೆರೆ ಎಳೆಯುವ ಪೆನ್ ಆದೇಶಗಳು ಬೇಕಾದಾಗ ಸೇರಿಸಿಕೊಳ್ಳಬೇಕಾದ ವಿಸ್ತರಣೆಗಳ ಒಳಗೆ ಹೋಗಿ ಕೂತವು. ಅಲ್ಲಿಯವರೆಗೆ ಚಿತ್ರ ತೋರಿಸಿ ‘ಇಲ್ಲಿ ಒತ್ತಿ’ ಎಂದಿದ್ದ ಪಾಠಗಳಲ್ಲಿ ಒತ್ತಲು ಏನೂ ಇಲ್ಲದಂತಾಯಿತು. ಆದೇಶದ ಹೆಸರು ಮತ್ತು ಅದು ಮಾಡುವ ಕೆಲಸವನ್ನು ವಾಕ್ಯದಲ್ಲಿ ಹೇಳಿ, ತೀರಾ ಅಗತ್ಯವಿದ್ದಲ್ಲಿ ಮಾತ್ರ ಚಿತ್ರ ಇಡಿ, ಆ ಚಿತ್ರ ಯಾವ ಆವೃತ್ತಿಯದೆಂದು ಖಾತೆಯಲ್ಲಿ ಬರೆಯಿರಿ.

ಪ್ರತಿ ಪಾಠಕ್ಕೂ ಇಬ್ಬರು ಪರಿಶೀಲಕರು ಬೇಕು, ಮತ್ತು ಅವರಲ್ಲಿ ಒಬ್ಬರಿಗಾದರೂ ಪ್ರೋಗ್ರಾಮಿಂಗ್ ಬರಬಾರದು. ಬಲ್ಲವರು ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುತ್ತಾರೆ. ಬಾರದವರು ಬರೆದದ್ದನ್ನು ಅಕ್ಷರಶಃ ಪಾಲಿಸುತ್ತಾ ಹೋಗಿ ಎಲ್ಲಿ ನಿಂತರೆಂದು ಗುರುತು ಹಾಕುತ್ತಾರೆ, ಮತ್ತು ಅವರು ನಿಂತ ಜಾಗದಲ್ಲಿಯೇ ಮಗುವೂ ನಿಲ್ಲುತ್ತದೆ. ಟಿಪ್ಪಣಿ ಹಾಕುವಾಗ ‘ಇದು ಸರಿಯಿಲ್ಲ’ ಎಂದು ಬಿಟ್ಟುಬಿಡದೆ, ಯಾವ ವಾಕ್ಯ, ಅದನ್ನು ಓದಿ ನೀವು ಏನು ಮಾಡಿದಿರಿ, ಪರದೆಯ ಮೇಲೆ ಏನಾಯಿತು ಎಂದು ಬರೆಯಿರಿ. ಮುಖ ಕಾಣದ ಕಡೆಯಲ್ಲಿ ಮಾತು ಇದ್ದುದಕ್ಕಿಂತ ಒರಟಾಗಿ ಕೇಳಿಸುತ್ತದೆ. ಒಂದೇ ವಾಕ್ಯದ ಮೇಲೆ ಮೂರು ಸಲ ಟಿಪ್ಪಣಿ, ಮರುಟಿಪ್ಪಣಿ ನಡೆದರೆ ಅಲ್ಲಿಗೆ ಬರವಣಿಗೆ ನಿಲ್ಲಿಸಿ ಹತ್ತು ನಿಮಿಷ ಕರೆ ಮಾಡಿ ಮಾತಾಡಿ, ತೀರ್ಮಾನವನ್ನು ಮಾತ್ರ ದಾಖಲೆಯಲ್ಲಿ ಬರೆಯಿರಿ. ಅನುಮೋದನೆಗೆ ದಿನ ಗೊತ್ತುಮಾಡುವುದೂ ಅಷ್ಟೇ ಮುಖ್ಯ. ಏಳು ದಿನದೊಳಗೆ ಯಾರೂ ಏನನ್ನೂ ಹೇಳದಿದ್ದರೆ ಪಾಠ ಒಪ್ಪಿತವಾದಂತೆ ಎಂಬ ನಿಯಮ ಕಟುವೆನಿಸಬಹುದು, ಆದರೆ ಸ್ವಯಂಸೇವಕರ ಗುಂಪಿನಲ್ಲಿ ಕೆಲಸ ಮುಂದೆ ಸಾಗುವುದು ಅದರಿಂದಲೇ.

ಮಗುವಿನ ಪಕ್ಕದಲ್ಲಿ ಸುಮ್ಮನೆ ಕೂರುವುದು

ಮೂರು ಪಾಠ ಸಿದ್ಧವಾದ ಕೂಡಲೇ ಮಕ್ಕಳ ಮುಂದಿಡಿ. ಎಲ್ಲವೂ ಮುಗಿಯಲಿ ಎಂದು ಕಾಯಬೇಡಿ. ಗುಂಪಿನವರು ಬೇರೆಬೇರೆ ಊರಿನಲ್ಲಿರುವುದು ಇಲ್ಲಿ ಅನುಕೂಲವೇ, ಏಕೆಂದರೆ ಒಬ್ಬೊಬ್ಬರು ತಮ್ಮ ಪರಿಚಯದ ಒಂದು ಮಗುವಿನೊಂದಿಗೆ ಕೂತರೂ ಆರು ಬಗೆಯ ಮಕ್ಕಳು ಸಿಗುತ್ತಾರೆ. ಒಂದು ನಿಯಮ: ಪಾಠ ಬರೆದವರು ಆ ಪಾಠವನ್ನು ಪರೀಕ್ಷಿಸಬಾರದು. ಬರೆದವರಿಗೆ ಬಾಯಿ ಮುಚ್ಚಿಕೊಂಡು ಕೂರಲಾಗುವುದಿಲ್ಲ, ಮಗು ತಡೆದಲ್ಲಿ ಅವರು ಪಾಠದಲ್ಲಿಲ್ಲದ್ದನ್ನು ಹೇಳಿಯೇ ಹೇಳುತ್ತಾರೆ, ಪಾಠ ಪಾಸಾಗಿಬಿಡುತ್ತದೆ. ಮಗು ಎಲ್ಲಿ ನಿಂತಿತು, ಏನು ಕೇಳಿತು, ಏನನ್ನು ಓದದೆ ಹಾರಿಸಿತು, ಇಷ್ಟನ್ನು ಬರೆದುಕೊಳ್ಳಿ. ಇಷ್ಟವಾಯಿತೇ ಎಂದು ಕೊನೆಯಲ್ಲಿ ಕೇಳುವುದರಿಂದ ಪ್ರಯೋಜನ ಕಡಿಮೆ. ಮಕ್ಕಳು ಒಳ್ಳೆಯವರು, ಹೌದೆಂದೇ ಹೇಳುತ್ತಾರೆ.

ಹೀಗೆ ಕೂತಾಗ ಕಂಡ ಮೂರು ಸಂಗತಿಗಳನ್ನು ಹೇಳುತ್ತೇನೆ, ಏಕೆಂದರೆ ನಿಮ್ಮ ಪಾಠಮಾಲೆಗೂ ಇವು ಬಂದೇ ಬರುತ್ತವೆ. ಮೊದಲನೆಯದು ಸ್ಕ್ರ್ಯಾಚ್‌ನಲ್ಲಿ: ಹಣ್ಣು ಹಿಡಿಯುವ ಆಟವನ್ನು ಎರಡನೆಯ ಸಲ ಶುರುಮಾಡಿದಾಗ ಅಂಕ ಸೊನ್ನೆಯಾಗಲಿಲ್ಲ, ಹಿಂದಿನ ಆಟದ 7ರಿಂದಲೇ ಮುಂದುವರಿಯಿತು. ಆರಂಭದಲ್ಲಿ ಸೊನ್ನೆ ಮಾಡಬೇಕೆಂದು ನಾವು ಬರೆದಿರಲಿಲ್ಲ, ನಮ್ಮಲ್ಲಿ ಯಾರೂ ಪರೀಕ್ಷಿಸುವಾಗ ಎರಡನೆಯ ಸಲ ಆಡಿರಲಿಲ್ಲ. ಮಕ್ಕಳು ಎರಡನೆಯ ಸಲ ಆಡದೆ ಬಿಡುತ್ತಾರೆಯೇ? ಎರಡನೆಯದು ಪೈಥಾನ್‌ನಲ್ಲಿ: ವಯಸ್ಸು ಕೇಳಿ ಅದಕ್ಕೆ 5 ಕೂಡಿಸುವ ಪ್ರೋಗ್ರಾಂ ದೋಷ ತೋರಿಸಿ ನಿಂತಿತು, ಒಬ್ಬ ಹುಡುಗ ಜಾಣತನದಿಂದ 5ಕ್ಕೂ ಉದ್ಧರಣ ಚಿಹ್ನೆ ಹಾಕಿದ, ಆಗ ಹತ್ತು ವರ್ಷದವನು ಐದು ವರ್ಷ ಕಳೆದ ಮೇಲೆ 105 ವರ್ಷದವನಾದ. ಇನ್‌ಪುಟ್‌ನಿಂದ ಬರುವುದು ಸಂಖ್ಯೆಯಲ್ಲ, ಅಕ್ಷರಗಳ ಸಾಲು ಎಂಬ ಪರಿಕಲ್ಪನೆಯನ್ನು ಖಾತೆಯಲ್ಲಿ ಪ್ರತ್ಯೇಕ ಸಾಲಾಗಿ ಸೇರಿಸಬೇಕಾಯಿತು.

ಮೂರನೆಯದಕ್ಕೆ ನಾವು ಒಂದು ಗಂಟೆ ತಲೆ ಕೆಡಿಸಿಕೊಂಡೆವು. ಟರ್ಟಲ್ ಪಾಠದ ಪ್ರತಿ ಅಕ್ಷರವನ್ನೂ ಸರಿಯಾಗಿ ಬರೆದಿದ್ದ ಹುಡುಗಿಯೊಬ್ಬಳ ಪ್ರೋಗ್ರಾಂ, ಟರ್ಟಲ್‌ನಲ್ಲಿ ಅಂಥ ಆದೇಶವೇ ಇಲ್ಲವೆಂದು ದೋಷ ತೋರಿಸುತ್ತಿತ್ತು. ಸಾಲು ಸಾಲಾಗಿ ಹೋಲಿಸಿದೆವು, ಮತ್ತೆ ಸ್ಥಾಪಿಸಿದೆವು, ಫಲವಿಲ್ಲ. ಕೊನೆಗೆ ನೋಡಿದರೆ, ‘ಕಡತಕ್ಕೆ ಪಾಠಕ್ಕೆ ಹೊಂದುವ ಹೆಸರು ಕೊಡಿ’ ಎಂದು ನಾವು ಬರೆದಿದ್ದೆವು. ಆಕೆ ‘ಟರ್ಟಲ್ ಡಾಟ್ ಪೈ’ ಎಂದು ಹೆಸರಿಟ್ಟಿದ್ದಳು. ಪೈಥಾನ್ ಟರ್ಟಲ್ ಅನ್ನು ಹುಡುಕುವಾಗ ಮೊದಲು ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿಯೇ ಹುಡುಕುವುದರಿಂದ, ನಿಜವಾದ ಟರ್ಟಲ್‌ನ ಬದಲು ಆಕೆಯ ಕಡತವನ್ನೇ ಎತ್ತಿಕೊಳ್ಳುತ್ತಿತ್ತು. ಸೂಚನೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದ್ದಕ್ಕೆ ಸಿಕ್ಕ ಶಿಕ್ಷೆ ಅದು. ಈಗ ಆ ಪಾಠದಲ್ಲಿ ಕಡತದ ಹೆಸರನ್ನು ನಾವೇ ಕೊಟ್ಟಿದ್ದೇವೆ.

ಮಕ್ಕಳೊಂದಿಗೆ ಕೂರುವ ಮುನ್ನ ಪೋಷಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಟಿಪ್ಪಣಿಯಲ್ಲಿ ಹೆಸರಿನ ಬದಲು ವಯಸ್ಸು ಮಾತ್ರ ಬರೆಯಿರಿ, ವಿಡಿಯೋ ಮುದ್ರಿಕೆ ಬೇಡವೇ ಬೇಡ. ಮಕ್ಕಳ ಮಾಹಿತಿ ಸಂಗ್ರಹಿಸುವುದಕ್ಕೆ ಹಲವೆಡೆ ಕಾನೂನಿನ ಕಟ್ಟಿದೆ. ಅಮೆರಿಕದಲ್ಲಿ 1998ರ ಕೊಪ್ಪಾ ಕಾಯ್ದೆ 13ರೊಳಗಿನವರಿಗೆ ಅನ್ವಯಿಸುತ್ತದೆ. ಐರೋಪ್ಯ ಒಕ್ಕೂಟದ ಮಾಹಿತಿ ರಕ್ಷಣೆಯ ನಿಯಮವಾದ ಜಿಡಿಪಿಆರ್ ಪ್ರಕಾರ ಮಗು ತಾನೇ ಒಪ್ಪಿಗೆ ಕೊಡುವ ವಯಸ್ಸು 16, ಸದಸ್ಯ ದೇಶಗಳು ಅದನ್ನು 13ರವರೆಗೆ ಇಳಿಸಬಹುದು. ಎಲ್ಲಕ್ಕಿಂತ ಸುಲಭದ ಉಪಾಯವೆಂದರೆ ಮಗು ಯಾವ ಜಾಲತಾಣದಲ್ಲಿಯೂ ತನ್ನ ಹೆಸರಿನ ಖಾತೆ ತೆರೆಯಬೇಕಾಗದಂತೆ ಪಾಠ ಬರೆಯುವುದು. ಸ್ಕ್ರ್ಯಾಚ್ ಅನ್ನು ಲಾಗಿನ್ ಇಲ್ಲದೆ ಬಳಸಬಹುದು, ಕಂಪ್ಯೂಟರಿನಲ್ಲಿ ಸ್ಥಾಪಿಸಿ ಅಂತರ್ಜಾಲವಿಲ್ಲದೆಯೂ ಬಳಸಬಹುದು.

ಪರವಾನಗಿ ಮತ್ತು ಆಮೇಲಿನ ಕೆಲಸ

ಪಾಠಗಳನ್ನು ಇತರರು ಹೇಗೆ ಬಳಸಬಹುದೆಂದು ಹೇಳುವ ಪರವಾನಗಿಯನ್ನು ಕೊನೆಗೆ ಇಟ್ಟು ಬರೆಯುತ್ತಿದ್ದೇನೆ, ಆದರೆ ತೀರ್ಮಾನವಾಗಬೇಕಾದದ್ದು ಮೊದಲ ವಾರದಲ್ಲಿ. ಬರೆದವರೆಲ್ಲರ ಹಕ್ಕು ಅವರವರದೇ ಆದ್ದರಿಂದ, ಒಂದು ವರ್ಷದ ನಂತರ ಪರವಾನಗಿ ಹಾಕಲು ಹೊರಟರೆ ಗುಂಪು ಬಿಟ್ಟುಹೋದವರನ್ನೂ ಹುಡುಕಿ ಒಪ್ಪಿಗೆ ಕೇಳಬೇಕಾಗುತ್ತದೆ. ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ ಪರವಾನಗಿ, ಬಳಸುವವರು ಮೂಲ ಲೇಖಕರ ಹೆಸರು ಹೇಳಿದರೆ ಸಾಕೆನ್ನುತ್ತದೆ. ಬೈ-ಎಸ್‌ಎ, ಬದಲಿಸಿದ್ದನ್ನೂ ಅದೇ ಶರತ್ತಿನಲ್ಲಿ ಹಂಚಬೇಕೆನ್ನುತ್ತದೆ. ವಾಣಿಜ್ಯ ಬಳಕೆ ಬೇಡವೆನ್ನುವ ಎನ್‌ಸಿ ಶರತ್ತು ಕೇಳಲು ಹಿತವಾಗಿದೆ, ಆದರೆ ಬೈ-ಎಸ್‌ಎ ಪಾಠವನ್ನೂ ಬೈ-ಎನ್‌ಸಿ-ಎಸ್‌ಎ ಪಾಠವನ್ನೂ ಬೆರೆಸಿ ಒಂದು ಹೊಸ ಪಾಠ ಮಾಡಲು ಬರುವುದಿಲ್ಲ. ಬೇರೆಯವರ ಪಾಠಗಳಿಂದ ತೆಗೆದುಕೊಳ್ಳುವ ಮುನ್ನ ಇದನ್ನು ನೋಡಿಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ತನ್ನ ಪರವಾನಗಿಗಳನ್ನು ತಂತ್ರಾಂಶಕ್ಕೆ ಬಳಸಬೇಡಿ ಎಂದೇ ಹೇಳುವುದರಿಂದ, ಪ್ರೋಗ್ರಾಮುಗಳಿಗೆ ಎಂಐಟಿ ಪರವಾನಗಿಯಂಥದ್ದನ್ನು ಬೇರೆಯಾಗಿ ಹಾಕಿ. ಎಲ್ಲಿಂದಲೋ ಎತ್ತಿದ ಬೆಕ್ಕಿನ ಚಿತ್ರವೊಂದು ಇಡೀ ಪಾಠಮಾಲೆಯನ್ನು ತಡೆಹಿಡಿಯಬಲ್ಲದು, ಆದ್ದರಿಂದ ಪ್ರತಿ ಚಿತ್ರದ ಮೂಲವನ್ನು ಅದು ಬಂದ ದಿನವೇ ಬರೆದಿಡಿ.

ಪ್ರಕಟವಾದ ಮೇಲೆ ಗುಂಪು ಸಹಜವಾಗಿಯೇ ಚದುರುತ್ತದೆ. ಉಳಿಯುವವರು ಇಬ್ಬರೇ ಆದರೂ ಪಾಠಮಾಲೆ ಬದುಕಬಹುದು, ಆದರೆ ಅದಕ್ಕೆ ಮೊದಲೇ ಏರ್ಪಾಡು ಆಗಿರಬೇಕು: ದೋಷ ಕಂಡವರು ಎಲ್ಲಿ ತಿಳಿಸಬೇಕು, ಅದನ್ನು ತಿಂಗಳಿಗೊಮ್ಮೆ ಯಾರು ತೆರೆದು ನೋಡುತ್ತಾರೆ, ತಿದ್ದಿದ ಪ್ರತಿಗೆ ಸಂಖ್ಯೆ ಹೇಗೆ ಕೊಡುವುದು. ನಾವು ಖಾತೆಗೆ ಕೊನೆಯದಾಗಿ ಸೇರಿಸಿದ ಅಂಕಣ, ಆ ಪಾಠವನ್ನು ಆರಂಭದಿಂದ ಅಂತ್ಯದವರೆಗೆ ಯಾರಾದರೂ ನಿಜವಾಗಿ ಮಾಡಿ ನೋಡಿದ ದಿನಾಂಕ. ಒಂದು ವರ್ಷ ದಾಟಿದ ಸಾಲು ಕೆಂಪಾಗುವಂತೆ ಮಾಡಿದ್ದೇವೆ. ನಾನಿದನ್ನು ಬರೆಯುತ್ತಿರುವ ಹೊತ್ತಿಗೆ ಎರಡು ಸಾಲು ಕೆಂಪಾಗಿವೆ, ಅವುಗಳಲ್ಲಿ ಒಂದು ನನ್ನ ಪಾಲಿನದು.